ಅಂಗೈಯ ತೂಕ

ಬೇಗಾರಿನ ಯಜ್ಞೇಶ ತನ್ನ ವೃತ್ತಿಜೀವನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದೇನೆಂದು ೨೦೨೫ರ ಫೆಬ್ರವರಿ ೨೧ರವರೆಗೆ ನಂಬಿಕೊಂಡಿದ್ದ. ಅದೂ ಒಬ್ಬರ ಪ್ರಾಣ ಉಳಿಸಲು ಹೇಳಿದ್ದು ಎಂಬುದು ಅವನ ಸಮಾಧಾನವಾಗಿತ್ತು. ಎಣಿಕೆಯಲ್ಲಿ ಅವನು ತಪ್ಪುವವನಲ್ಲ. ಆದ್ದರಿಂದ ಈ ಎಣಿಕೆ ತಪ್ಪಿದ ಬಗೆಯನ್ನು ಮೊದಲಿನಿಂದ ಹೇಳಬೇಕು.

ಅವನು ಹುಟ್ಟಿದ್ದು ೧೯೮೩ರ ಜೂನ್ ೧೭ರಂದು, ಶೃಂಗೇರಿ ತಾಲ್ಲೂಕಿನ ಬೇಗಾರಿನಲ್ಲಿ. ಉಪನಯನವಾದದ್ದು ೧೯೯೨ರ ಮೇ ೮ರಂದು. ಅಂದಿನಿಂದ ಸ್ನಾನ, ಸಂಧ್ಯಾವಂದನೆಗಳನ್ನು ಮುಗಿಸದೆ ಅವನ ಗಂಟಲಲ್ಲಿ ಒಂದು ಗುಟುಕು ಕಾಫಿಯೂ ಇಳಿದದ್ದಿಲ್ಲ. ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಬೇರೆ ಊರುಗಳಲ್ಲಿ ಕೆಲವು ವರ್ಷ ದುಡಿದು, ೨೦೧೫ರ ಫೆಬ್ರವರಿ ೨ರ ಸೋಮವಾರ ಕೊಪ್ಪದ ಒಂದು ಖಾಸಗಿ ಆಸ್ಪತ್ರೆಗೆ ಆಪ್ತಸಮಾಲೋಚಕನಾಗಿ ಸೇರಿದ. ಬಾಳಗಡಿಯಲ್ಲಿ ಬಾಡಿಗೆ ಮನೆ. ಆಸ್ಪತ್ರೆಯಲ್ಲಿ ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆ. ಅದರಲ್ಲಿ ಎರಡು ಖಾನೆಗಳ ಒಂದು ಮೇಜು, ಮೂರು ಕುರ್ಚಿ, ಒಂದು ಗೋಡೆ ಗಡಿಯಾರ. ಸಹಕಾರ ಸಂಘದವರು ಕೊಟ್ಟ ಕ್ಯಾಲೆಂಡರಿನ ಮೇಲ್ಭಾಗದಲ್ಲಿ ದೇವರ ಚಿತ್ರವಿರುತ್ತಿತ್ತು. ಅವನು ಪ್ರತಿ ಜನವರಿಯಲ್ಲೂ ಆ ಭಾಗವನ್ನು ಹಿಂದಕ್ಕೆ ಮಡಚಿ, ತಾರೀಖು ಮಾತ್ರ ಕಾಣುವಂತೆ ತೂಗುಹಾಕುತ್ತಿದ್ದ.

"ಈ ಕೋಣೆಗೆ ಬರೋವಾಗ ನಂಬಿಕೆನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬರಬೇಕು," ಎಂದು ಅವನು ಹೊಸದಾಗಿ ಸೇರಿದ ನರ್ಸ್‌ಗಳಿಗೆ ಹೇಳುತ್ತಿದ್ದ. "ನಾನೂ ಬಿಟ್ಟೇ ಬರ್ತೇನೆ."

ಈ ನಿಯಮಕ್ಕೆ ಕಾರಣವಿತ್ತು. ೨೦೧೯ರಲ್ಲಿ ಕಿಗ್ಗದ ಕಡೆಯ ಒಬ್ಬ ಹುಡುಗಿ ಅವನ ಬಳಿಗೆ ಬರುತ್ತಿದ್ದಳು. ಮಾತ್ರೆಯಿಂದ ಅವಳು ಚೇತರಿಸಿಕೊಳ್ಳುತ್ತಿದ್ದಳು. ಮಾರ್ಚ್ ೯ರಂದು ಮನೆಯವರು ಜೋಯಿಸನೊಬ್ಬನ ಬಳಿ ಪ್ರಶ್ನೆ ಇಡಿಸಿದರು. ಪ್ರಶ್ನೆ ಹೇಳಿದವನು ಮಾತ್ರೆ ನಿಲ್ಲಿಸಿ ಎಂದ. ನಿಲ್ಲಿಸಿದರು. ಮಾರ್ಚ್ ೨೮ರಂದು ಅವಳನ್ನು ಬಾವಿಯಿಂದ ಮೇಲೆತ್ತಿದರು. ಹತ್ತೊಂಬತ್ತು ದಿನ. ಆಮೇಲೆ ಜೋಯಿಸರಾಗಲಿ, ಪುರೋಹಿತರಾಗಲಿ, ಅಯ್ಯನವರಾಗಲಿ ಯಾರೂ ಯಜ್ಞೇಶನ ರೋಗಿಗಳ ಹತ್ತಿರ ಸುಳಿಯುವಂತಿರಲಿಲ್ಲ. ಆ ಹುಡುಗಿಯ ಮಟ್ಟಿಗೆ ಅದು ಸರಿಯಾದ ನಿಯಮವೇ ಆಗಿತ್ತು. ಮುಂದಿನವರ ಮಟ್ಟಿಗೂ ಸರಿಯೇ ಎಂದು ಅವನು ಯೋಚಿಸಲಿಲ್ಲ.

ನರಸಿಂಹರಾಜಪುರದ ವೀರಬಸಮ್ಮನವರು ಆ ಆಸ್ಪತ್ರೆಗೆ ಬಂದದ್ದು ೨೦೨೪ರ ಆಗಸ್ಟ್ ೧೨ರಂದು, ಶ್ರಾವಣದ ಎರಡನೆಯ ಸೋಮವಾರ. ಎಪ್ಪತ್ಮೂರು ವರ್ಷದ ವಿಧವೆ. ಮಗ ಕಲ್ಲೇಶನದು ಹಾರ್ಡ್‌ವೇರ್ ಅಂಗಡಿ. ಒಂದು ವಾರದಿಂದ ಕೆಮ್ಮು, ಜ್ವರ. ವೈದ್ಯರು ಎದೆಯ ಎಕ್ಸ್‌ರೇ ಬರೆದರು. ಎದೆಯ ಮೇಲೆ ಲೋಹವಿರಬಾರದೆಂದು ನರ್ಸ್ ನಯನ ಅವರ ಕೊರಳಿನಿಂದ ಬೆಳ್ಳಿಯ ಕರಡಿಗೆಯನ್ನು ದಾರಸಹಿತ ತೆಗೆಸಿದಳು. ಕರಡಿಗೆಯೊಳಗೆ ಅವರ ಇಷ್ಟಲಿಂಗವಿತ್ತು. ೧೯೬೩ರ ಮೇ ೧೦ರಂದು ಗುರುಗಳು ದೀಕ್ಷೆ ಕೊಟ್ಟು ಅಂಗೈಯಲ್ಲಿರಿಸಿದ್ದು. ಅಂದಿನಿಂದ ಅರವತ್ತೊಂದು ವರ್ಷ, ಪ್ರತಿ ಬೆಳಿಗ್ಗೆ ಐದೂವರೆಗೆ, ಅದನ್ನು ಎಡ ಅಂಗೈಯ ಮೇಲಿಟ್ಟು, ವಿಭೂತಿ ಹಚ್ಚಿ, ಕಣ್ಣೆವೆ ಇಕ್ಕದೆ ನೋಡಿ, ಪೂಜಿಸಿ, ಆಮೇಲೆಯೇ ಬಾಯಿಗೆ ನೀರು. ಎಕ್ಸ್‌ರೇ ಮುಗಿದು ಸೆರಗು ಹೊದ್ದು ಕೈ ಚಾಚಿದಾಗ ಕರಡಿಗೆ ಇಟ್ಟಲ್ಲಿ ಇರಲಿಲ್ಲ. ಕೋಣೆಯನ್ನೆಲ್ಲ ಹುಡುಕಿದರು, ಕಸದ ಡಬ್ಬಿ ಮಗುಚಿದರು. ಸಿಗಲಿಲ್ಲ. ಅಂದಿನಿಂದ ವೀರಬಸಮ್ಮನವರು ಊಟ ಮಾಡಲಿಲ್ಲ, ನೀರು ಕುಡಿಯಲಿಲ್ಲ. ಡ್ರಿಪ್ ಹಾಕಿ ಮಲಗಿಸಿದರು.

ಆಗಸ್ಟ್ ೧೪ರ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಯಜ್ಞೇಶನನ್ನು ಕರೆಸಿದರು.

"ನೀವು ಯಾವ ಕಡೆಯವರು?" ಎಂದು ಅವನಿಗಿಂತ ಮೊದಲು ವೀರಬಸಮ್ಮನವರೇ ಕೇಳಿದರು. ಧ್ವನಿ ಸಣ್ಣಗಾಗಿತ್ತು, ಕಣ್ಣು ಚುರುಕಾಗಿಯೇ ಇತ್ತು.

"ಬೇಗಾರು."

"ಹಾಗಾದ್ರೆ ಭಟ್ರು."

"ಇಲ್ಲಿ ಭಟ್ರು ಅಲ್ಲ ಅಮ್ಮ, ಕೌನ್ಸೆಲರ್."

"ಅಂಗಿ ಒಳಗೂ ಕೌನ್ಸೆಲರೇ?"

ಪಕ್ಕದ ಹಾಸಿಗೆಯವರು ನಕ್ಕರು. ಯಜ್ಞೇಶನ ಕೈ ತನಗರಿವಿಲ್ಲದೆ ಎದೆಯ ಮೇಲಿನ ಗುಂಡಿಗೆ ಹೋಗಿ ಬಂತು. "ಅಮ್ಮ, ಎರಡು ದಿನ ಆಯ್ತು. ಒಂದು ಲೋಟ ಗಂಜಿ ಆದ್ರೂ ಕುಡೀಬೇಕು," ಎಂದ.

"ಪೂಜೆ ಆಗದೆ ಎಂತ ಕುಡಿಯೋದು ಭಟ್ರೇ? ನೀವು ಜಪ ಬಿಟ್ಟು ತಿಂಡಿಗೆ ಕೂರ್ತೀರಾ?"

"ನನ್ನ ವಿಷಯ ಬೇಡ."

"ಬೇಡ ಬಿಡಿ. ನನಗೆ ಸಾಯೋ ಆಸೆ ಎಂತ ಇಲ್ಲ. ನಮ್ಮ ಅಯ್ಯನವರನ್ನ ಕರೆಸಿ. ಹೋದದ್ದು ಹೋಯ್ತು ಅಂತ ಅವರು ಹೇಳ್ಲಿ. ಬೇರೆ ಕೊಡ್ತಾರೋ, ಪ್ರಾಯಶ್ಚಿತ್ತ ಹೇಳ್ತಾರೋ, ಹೇಳಿದ್ದು ಮಾಡ್ತೀನಿ. ಆಮೇಲೆ ಗಂಜಿ ಯಾಕೆ, ನಿಮ್ಮ ಆಸ್ಪತ್ರೆ ಉಪ್ಪಿಟ್ಟೂ ತಿಂತೀನಿ."

ಇಷ್ಟು ಸ್ಪಷ್ಟವಾಗಿ ತನ್ನ ಕಾಯಿಲೆಯನ್ನೂ ಔಷಧಿಯನ್ನೂ ಹೇಳಿದ ರೋಗಿಯನ್ನು ಅವನು ಒಂಬತ್ತೂವರೆ ವರ್ಷಗಳಲ್ಲಿ ಕಂಡಿರಲಿಲ್ಲ. ಆದರೆ ಫೈಲಿನಲ್ಲಿ ಅವನು ಬರೆದದ್ದು: ಆಹಾರ ನಿರಾಕರಣೆ, ಧಾರ್ಮಿಕ ಭಾವನೆಯ ಅತಿರೇಕ, ಖಿನ್ನತೆಯ ಶಂಕೆ.

ಹೊರಗಿನ ಬೆಂಚಿನ ಮೇಲೆ ಕಲ್ಲೇಶ ಕುಳಿತಿದ್ದ. ಮೂರು ದಿನದಿಂದ ಅವನ ಅಂಗಡಿಯ ಬಾಗಿಲು ತೆರೆದಿರಲಿಲ್ಲ. "ಅಯ್ಯನವರು ಬಾಳೆಹೊನ್ನೂರಲ್ಲೇ ಇದ್ದಾರೆ ಸಾರ್. ಒಂದು ಫೋನ್ ಮಾಡಿದ್ರೆ ಬಸ್ ಹತ್ತಿ ಬರ್ತಾರೆ," ಎಂದ.

"ಬರೋದು ಬೇಡ," ಎಂದ ಯಜ್ಞೇಶ. "ಇವತ್ತು ಬಂದು ಊಟ ಮಾಡಿ ಅಂತಾರೆ, ನಾಳೆ ಮಾತ್ರೆ ಬೇಡ ಅಂತಾರೆ. ಆಮೇಲೆ ನನ್ನ ಹತ್ರ ಬಂದು ಅಳಬೇಡಿ. ಇಷ್ಟಲಿಂಗ ಅಂಗಡೀಲಿ ಸಿಗ್ತದಲ್ಲ?"

"ಸಿಗ್ತದೆ. ಆದ್ರೆ ಸಂಸ್ಕಾರ ಆಗದೆ ಕಟ್ಟೋ ಹಾಗಿಲ್ಲ ಸಾರ್. ಹಾಗೆ ಕಟ್ಟಿದ್ರೆ ಅದು ಬರೀ ಕಲ್ಲು."

"ಅವರಿಗೆ ಗೊತ್ತಾಗಬೇಕಲ್ಲ? ಕಳೆದದ್ದೇ ಸಿಕ್ಕಿತು ಅಂತ ನಾನು ಹೇಳ್ತೇನೆ. ನಿಮ್ಮ ತಾಯಿ ಬೇಕಾ, ಶಾಸ್ತ್ರ ಬೇಕಾ?"

"ದಾರ ಹೊಸದಾಗಿರ್ತದೆ ಸಾರ್," ಎಂದ ಕಲ್ಲೇಶ. ಆ ಮಾತಿನಲ್ಲಿ ಒಪ್ಪಿಗೆ ಇತ್ತು.

"ಚಹಾ ಡಿಕಾಕ್ಷನ್ನಲ್ಲಿ ಅದ್ದಿ ಒಣಗಿಸಿ," ಎಂದ ಯಜ್ಞೇಶ. ನಂಬಿಕೆಯನ್ನು ಚಪ್ಪಲಿಯ ಜೊತೆ ಬಿಟ್ಟು ಬರುವವನಿಗೆ ಅಂತಹ ಉಪಾಯ ತಟ್ಟನೆ ಹೊಳೆಯಿತು.

ಆಗಸ್ಟ್ ೧೫ರ ಗುರುವಾರ, ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ, ಅವನು ಹೊಸ ಕರಡಿಗೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, "ಸಿಕ್ಕಿತು ಅಮ್ಮ, ಎಕ್ಸ್‌ರೇ ಮೇಜಿನ ಹಿಂದೆ ಬಿದ್ದಿತ್ತು," ಎಂದ. ವೀರಬಸಮ್ಮನವರ ಕಣ್ಣಿನಿಂದ ನೀರು ದಳದಳ ಇಳಿಯಿತು. ಎದ್ದು ಕುಳಿತು, ಮೈ ಒರೆಸಿಕೊಂಡು, ವಿಭೂತಿ ತರಿಸಿ, ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಅಂಗೈಯನ್ನು ಒಮ್ಮೆ ಸ್ವಲ್ಪ ಮೇಲಕ್ಕೆತ್ತಿ ಇಳಿಸಿದರು.

"ಇದೇನಾ?" ಎಂದರು.

"ಇದೇ ಅಮ್ಮ."

ಅವರು ಮಗನ ಮುಖ ನೋಡಿದರು. ಮಗ ತಲೆಯಾಡಿಸಿದ. ಪೂಜೆಯಾಯಿತು, ಗಂಜಿ ಕುಡಿದರು. ನಾಲ್ಕನೆಯ ದಿನ ಮನೆಗೆ ಹೋದರು. ಯಜ್ಞೇಶ ಫೈಲಿನಲ್ಲಿ "ಯಶಸ್ವಿ" ಎಂದು ಬರೆದು ಅಡಿಗೆರೆ ಎಳೆದ.

ಹದಿನಾಲ್ಕು ದಿನಗಳ ನಂತರ, ಆಗಸ್ಟ್ ೨೯ರಂದು, ಎಕ್ಸ್‌ರೇ ಕೋಣೆಯಲ್ಲಿ ಕಿರಣ ತಡೆಯಲು ತೊಡುವ ಹಳೆಯ ಸೀಸದ ಏಪ್ರನ್ ಬದಲಾಯಿಸುವಾಗ ಅದರ ಜೇಬಿನಿಂದ ಕರಡಿಗೆಯೊಂದು ಉದುರಿತು. ಯಾರೋ ಜೋಪಾನವಾಗಿರಲೆಂದು ಅಲ್ಲಿಟ್ಟು ಮರೆತಿದ್ದರು. ನಯನ ಅದನ್ನು ಎರಡೂ ಕೈಯಲ್ಲಿ ಹಿಡಿದು ಓಡಿಬಂದಳು. "ಸರ್, ಅಜ್ಜಿದು ಸಿಕ್ತು. ನಾಳೆ ಅವರು ತೋರಿಸಿಕೊಳ್ಳೋಕೆ ಬರ್ತಾರಲ್ಲ, ಕೊಟ್ಟುಬಿಡಿ. ಆವತ್ತು ನೀವು ಕೊಟ್ಟಿದ್ದು ಯಾವುದು ಹಾಗಾದ್ರೆ?"

"ಅದು ಬೇರೆ ವಿಷಯ. ನಾನು ನೋಡ್ಕೊಳ್ತೇನೆ," ಎಂದು ಯಜ್ಞೇಶ ಮೇಜಿನ ಮೇಲಿನ ಖಾನೆ ತೆರೆದ. ಅಲ್ಲಿ ಅವನ ಊಟದ ಡಬ್ಬಿ ಇತ್ತು. ಡಬ್ಬಿಯನ್ನು ತೆಗೆದು ಕಿಟಕಿಯ ಮೇಲಿಟ್ಟ. ಖಾನೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಗೆದ ಕರವಸ್ತ್ರವೊಂದನ್ನು ಹಾಸಿ, ಕರಡಿಗೆಯನ್ನು ಅದರ ಮೇಲಿಟ್ಟ. ಅಂದಿನಿಂದ ಆ ಖಾನೆಯಲ್ಲಿ ಎಂಜಲಿನ ಯಾವ ವಸ್ತುವನ್ನೂ ಅವನು ಇಡಲಿಲ್ಲ. ಏಕೆಂದು ತನ್ನನ್ನು ತಾನು ಕೇಳಿಕೊಳ್ಳಲೂ ಇಲ್ಲ.

ಮರುದಿನ ಶುಕ್ರವಾರ ವೀರಬಸಮ್ಮನವರು ಎದುರಿಗೆ ಕುಳಿತರು; ಪಕ್ಕದಲ್ಲಿ ಕಲ್ಲೇಶ. ಅವರ ಮೊಣಕೈಗೂ ಮೇಲಿನ ಖಾನೆಗೂ ಒಂದಡಿ ಅಂತರವಿತ್ತು.

"ಭಟ್ರೇ, ಒಂದು ಮಾತು. ಅದು ಹಗುರ ಆಗಿದೆ."

"ಯಾವುದು?"

"ಲಿಂಗ. ಮೊದ್ಲು ಅಂಗೈಲಿ ಇಟ್ರೆ ಹೆಬ್ಬೆರಳ ಕಡೆಗೆ ಒಂಚೂರು ವಾಲ್ತಿತ್ತು. ಪೀಠ ಕೆತ್ತೋವಾಗ್ಲೇ ಒಂದು ಬದಿ ಗಟ್ಟಿ ಬಂದಿತ್ತು ಅಂತ ನಮ್ಮಪ್ಪ ಹೇಳ್ತಿದ್ರು. ನಾನು ಹೆಬ್ಬೆರಳು ಎತ್ತಿ ಆನಿಸಿಕೊಳ್ತಿದ್ದೆ. ಈಗ ನೆಟ್ಟಗೆ ಕೂರ್ತದೆ. ನೋಡಿದ್ರೂ ಅದು ನನ್ನ ನೋಡಲ್ಲ. ನಾನು ಎಂತ ತಪ್ಪು ಮಾಡ್ದೆ ಅಂತ ತಿಳೀತಿಲ್ಲ."

ಖಾನೆ ಎಳೆದಿದ್ದರೆ ಮುಗಿಯುತ್ತಿತ್ತು. ಆದರೆ ಸೆಪ್ಟೆಂಬರ್ ೧೦ರಂದು ಚಿಕ್ಕಮಗಳೂರಿನಲ್ಲಿ ಸಮಾಲೋಚಕರ ಕಾರ್ಯಾಗಾರವಿತ್ತು. ಅಲ್ಲಿ ಇದೇ ಪ್ರಕರಣವನ್ನು ಮಂಡಿಸಲು ಯಜ್ಞೇಶ ಹೆಸರು ಕೊಟ್ಟಾಗಿತ್ತು. ಜೊತೆಗೆ ಕಲ್ಲೇಶ ಮೇಜಿನ ಅಡಿಯಲ್ಲಿ ಅವನ ಕಾಲನ್ನು ತನ್ನ ಕಾಲಿನಿಂದ ಒತ್ತಿದ.

"ಅಮ್ಮ," ಎಂದ ಯಜ್ಞೇಶ, ತರಬೇತಿಯಲ್ಲಿ ಕಲಿತ ಮೃದುವಾದ ಧ್ವನಿಯಲ್ಲಿ, "ಮನಸ್ಸಿಗೆ ಪೆಟ್ಟು ಬಿದ್ದಾಗ ಹೀಗೆ ಆಗ್ತದೆ. ವಸ್ತು ಬದಲಾಗಿಲ್ಲ, ನಿಮ್ಮ ಕೈ ಹಾಗೆ ಹೇಳ್ತಾ ಇದೆ. ಇದೊಂದು ಕಾಯಿಲೆ. ವಾಸಿ ಮಾಡೋಣ."

"ಕೈಗೂ ಕಾಯಿಲೆಯಾ?"

"ಮನಸ್ಸಿಗೆ."

"ಅರವತ್ತೊಂದು ವರ್ಷದಿಂದ ಇದೇ ಕೈ ಮಾರಾಯ್ರೇ," ಎಂದು ಅವರು ಅಂಗೈಯನ್ನು ಅವನ ಮುಂದೆ ಹಿಡಿದರು. ಅವನು ಫೈಲಿನಲ್ಲಿ ಬರೆಯುತ್ತಿದ್ದ.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಭೇಟಿ. ಅವನು ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟು, ಪೂಜೆಗೆ ಮೊದಲು ಹತ್ತು ಸಲ ಬರೆಯಬೇಕಾದ ವಾಕ್ಯವನ್ನು ಮೊದಲ ಪುಟದಲ್ಲಿ ತಾನೇ ದುಂಡಾಗಿ ಬರೆದುಕೊಟ್ಟ: ಕೈ ಹೇಳುವುದೆಲ್ಲ ನಿಜವಲ್ಲ. ನಾಲ್ಕನೆಯ ತರಗತಿ ಓದಿದ್ದ ವೀರಬಸಮ್ಮನವರು ಅಕ್ಷರ ತಿದ್ದುವವರಂತೆ ಬರೆದರು. "ಎಪ್ಪತ್ಮೂರರ ಮೇಲೆ ಕಾಪಿ ಬರೆಸ್ತೀರಲ್ಲ ಭಟ್ರೇ, ಬರೀದಿದ್ರೆ ಬೆಂಚ್ ಮೇಲೆ ನಿಲ್ಲಿಸ್ತೀರಾ?" ಎಂದು ಸೆಪ್ಟೆಂಬರಿನಲ್ಲಿ ಕೇಳಿದರು. ಅಕ್ಟೋಬರಿನಲ್ಲಿ ಅಂತಹ ಮಾತು ಕಡಿಮೆಯಾಯಿತು.

ಕಾರ್ಯಾಗಾರದಲ್ಲಿ ಯಜ್ಞೇಶ ಇಪ್ಪತ್ತೆರಡು ನಿಮಿಷ ಮಾತನಾಡಿದ. ಮಂಡನೆಯ ಹೆಸರು "ರೋಗಿಯ ನಂಬಿಕೆಗೆ ಗೌರವ". ಚಹಾದಲ್ಲಿ ಅದ್ದಿದ ದಾರದ ಸಂಗತಿಯನ್ನು ಅವನು ಹೇಳಿದಾಗ ಸಭೆ ಮೆಚ್ಚಿ ನಕ್ಕಿತು. ಒಂದು ಶಾಲು, ಒಂದು ಪ್ರಮಾಣಪತ್ರ ದೊರೆತವು.

ಸೆಪ್ಟೆಂಬರ್ ೨೧ರಂದು, ತಿಂಗಳಿಗೆ ಎರಡು ಶನಿವಾರ ಶಿವಮೊಗ್ಗದಿಂದ ಬರುತ್ತಿದ್ದ ಮನೋವೈದ್ಯರು ಅವನ ಟಿಪ್ಪಣಿಯನ್ನು ಓದಿ, ಅದರಲ್ಲಿದ್ದುದನ್ನು ನಂಬಿ, ಎರಡು ಮಾತ್ರೆ ಬರೆದರು. ಮಾತ್ರೆಯಿಂದ ವೀರಬಸಮ್ಮನವರ ನಾಲಿಗೆ ಒಣಗಿತು, ಕೈ ನಡುಗತೊಡಗಿತು. ಲಿಂಗ ಹಗುರವೇ ಎಂದು ಅವರು ಮಹಾನವಮಿಯ ದಿನವೂ ಹೇಳಿದಾಗ, ಯಜ್ಞೇಶ ಆ ನಡುಗುವ ಕೈಯನ್ನೇ ತೋರಿಸಿ, "ನೋಡಿ ಅಮ್ಮ, ಈ ಕೈ ತೂಕ ಹೇಳೀತಾ?" ಎಂದ. ಅವರು ಕೈಯನ್ನು ನೋಡಿಕೊಂಡರು. ಅದನ್ನು ಸೆರಗಿನೊಳಗೆ ಇಟ್ಟುಕೊಂಡರು.

೨೦೨೫ರ ಜನವರಿ ೧೭, ಹನ್ನೊಂದನೆಯ ಭೇಟಿ.

"ಈಗ ಹೇಗಿದೆ ಅಮ್ಮ?"

"ಸರಿ ಇದೆ."

"ಹಗುರ ಅನಿಸ್ತದಾ?"

"ಅನಿಸ್ತದೆ ಸಾರ್. ಆದ್ರೆ ಅದು ನಿಜ ಅಲ್ಲ."

ಭಟ್ರೇ ಎಂಬುದು ಸಾರ್ ಎಂದಾದದ್ದನ್ನು ಅವನು ಗಮನಿಸಲಿಲ್ಲ. "ಒಳನೋಟ ಬಂದಿದೆ" ಎಂದು ಬರೆದು ಭೇಟಿಗಳನ್ನು ಮುಗಿಸಿದ. ಕರಡಿಗೆ ಮೇಲಿನ ಖಾನೆಯಲ್ಲೇ ಇತ್ತು. ಕರವಸ್ತ್ರವನ್ನು ಮಾತ್ರ ಅವನು ಪ್ರತಿ ಸೋಮವಾರ ಬದಲಾಯಿಸುತ್ತಿದ್ದ.

ಫೆಬ್ರವರಿ ೨೧ರಂದು ನಯನಳ ಕೆಲಸದ ಕೊನೆಯ ದಿನ. ಮದುವೆ ನಿಶ್ಚಯವಾಗಿತ್ತು. ಎಲ್ಲರಿಗೂ ಸಿಹಿ ಕೊಡುತ್ತಾ ಬಂದವಳು ಬಾಗಿಲಲ್ಲಿ ನಿಂತು, "ಸರ್, ಆ ಅಜ್ಜಿಗೆ ಕರಡಿಗೆ ಕೊಟ್ರಲ್ಲ? ನಾನೇ ತೆಗೆಸಿದ್ದು ಅಂತ ನನಗೆ ಆವತ್ತಿಂದ ಒಂಥರಾ," ಎಂದಳು.

"ಕೊಟ್ಟೆ," ಎಂದ ಯಜ್ಞೇಶ.

"ಅಬ್ಬ," ಎಂದು ಅವಳು ಎರಡು ಲಾಡು ಹೆಚ್ಚಿಗೆ ಇಟ್ಟು ಹೋದಳು.

ಅವನ ಎಣಿಕೆ ತಪ್ಪಿದ್ದು ಆಗ. ಆಗಸ್ಟ್ ೧೫ರ ಸುಳ್ಳು ಅವನ ಲೆಕ್ಕದಲ್ಲಿ ಚಿಕಿತ್ಸೆ, ನಂತರದ ಹನ್ನೊಂದು ಶುಕ್ರವಾರಗಳ ಮಾತೂ ಚಿಕಿತ್ಸೆ. ಆದರೆ ನಯನ ರೋಗಿಯಲ್ಲ. ಅವಳಿಗೆ ಹೇಳಿದ್ದನ್ನು ಯಾವ ಫೈಲಿಗೂ ಸೇರಿಸುವಂತಿರಲಿಲ್ಲ. ಅದನ್ನು ಸುಳ್ಳೆಂದು ಒಪ್ಪಿದ ಕೂಡಲೇ ಹಿಂದಿನವೆಲ್ಲ ಒಂದೊಂದಾಗಿ ಅದರ ಪಕ್ಕಕ್ಕೆ ಬಂದು ನಿಂತವು. ಅಂದು ಅವನಿಗೆ ಊಟ ಸೇರಲಿಲ್ಲ.

ಫೆಬ್ರವರಿ ೨೬, ಬುಧವಾರ, ಮಹಾಶಿವರಾತ್ರಿ. ಅವನು ಸ್ನಾನ ಮಾಡಿ, ಜಪ ಮುಗಿಸಿ, ಕರಡಿಗೆಯನ್ನು ಹೊಸ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ಎಲ್ಲವನ್ನೂ ಹೇಳಿಬಿಡುವುದೆಂದು ನಿಶ್ಚಯಿಸಿದ್ದ. ಅವರು ಬೈಯಲಿ, ಹೊಡೆಯಲಿ. ಕಲ್ಲೇಶ ಆಸ್ಪತ್ರೆಗೆ ದೂರು ಕೊಡಲಿ. ಅವರ ವಸ್ತು ಅವರ ಕೈ ಸೇರಿದರೆ ಸಾಕು. ಆ ಕೈ ಅದನ್ನು ಗುರುತಿಸುತ್ತದೆ ಎಂಬ ವಿಷಯದಲ್ಲಿ ಅವನಿಗೆ ಲವಲೇಶವೂ ಸಂಶಯವಿರಲಿಲ್ಲ.

ಹನ್ನೊಂದೂ ಹತ್ತಕ್ಕೆ ನರಸಿಂಹರಾಜಪುರದ ಮನೆ ತಲುಪಿದ. ವೀರಬಸಮ್ಮನವರು ಜಗಲಿಯ ಕುರ್ಚಿಯಲ್ಲಿದ್ದರು. ಮೈ ಊದಿಕೊಂಡಿತ್ತು. ಪಕ್ಕದಲ್ಲಿ ಅವಲಕ್ಕಿ ತಿಂದ ತಟ್ಟೆ.

"ಇವತ್ತು ಉಪವಾಸ ಇಲ್ವಾ ಅಮ್ಮ?" ಎಂದು ಕೇಳಿದ.

"ಮಾತ್ರೆ ಇದೆಯಲ್ಲ ಸಾರ್. ತಿಂಡಿ ತಿಂದು ಮಾತ್ರೆ. ಪೂಜೆ ಆಮೇಲೆ, ನೆನಪಾದ್ರೆ."

ಕಲ್ಲೇಶ ಒಳಗಿನಿಂದ ಬಂದ. ಬಟ್ಟೆಯ ಗಂಟನ್ನು ನೋಡಿದೊಡನೆ ಅವನಿಗೆ ಅರ್ಥವಾಯಿತು. ಯಜ್ಞೇಶನನ್ನು ಅಂಗಳದ ಮೂಲೆಗೆ ಕರೆದ.

"ಎಂತ ತಂದಿದ್ದೀರಿ?"

"ಅವರದ್ದು. ಸಿಕ್ಕಿದೆ."

"ಯಾವಾಗ?"

"ಆಗಸ್ಟಲ್ಲಿ."

ಕಲ್ಲೇಶ ತಾರೀಖು ಕೇಳಲಿಲ್ಲ. "ಐದು ತಿಂಗಳು ಅವರ ಬಾಯಿಗೆ ಮಾತ್ರೆ ಹಾಕಿದ್ದು ನಾನು. ಹಗುರ ಅಂದಾಗೆಲ್ಲ ಗದರಿಸಿದ್ದೂ ನಾನು," ಎಂದ. "ನೀವು ಕೌನ್ಸೆಲರ್, ಬಸ್ ಹತ್ತಿ ಹೋಗ್ತೀರಿ. ಈಗ ಊಟ ಮಾಡ್ತಾರೆ, ಮಲಗ್ತಾರೆ. ಸುಮ್ನೆ ಇರಿ."

"ಎಂತ ಗುಸುಗುಸು ಅಲ್ಲಿ?" ಎಂದು ಜಗಲಿಯಿಂದ ವೀರಬಸಮ್ಮನವರು ಕೇಳಿದರು.

ಯಜ್ಞೇಶ ಕಲ್ಲೇಶನನ್ನು ದಾಟಿ ಹೋಗಿ ಅವರ ಮುಂದೆ ನೆಲದ ಮೇಲೆ ಕುಳಿತ. ಬಟ್ಟೆ ಬಿಚ್ಚಿದ. "ಅಮ್ಮ, ಇದು ನಿಮ್ಮದು. ನಿಜವಾಗಿ ನಿಮ್ಮದು. ಕೈಲಿಟ್ಟು ನೋಡಿ," ಎಂದ.

ಅವರು ಕರಡಿಗೆಯನ್ನು ನೋಡಿದರು, ಅವನ ಮುಖ ನೋಡಿದರು. ಸೆರಗಿನೊಳಗಿಂದ ಎಡಗೈ ಹೊರಗೆ ಬಂತು. ಮುಚ್ಚಳ ತೆಗೆದು ಲಿಂಗವನ್ನು ಅಂಗೈಯ ಮೇಲಿಟ್ಟುಕೊಂಡರು.

ಲಿಂಗ ಹೆಬ್ಬೆರಳ ಕಡೆಗೆ ಒಂದೆಳೆಯಷ್ಟು ವಾಲಿತು. ಅದು ವಾಲಿದ್ದನ್ನು ಯಜ್ಞೇಶ ಕಂಡ. ಮರುಕ್ಷಣವೇ ಹೆಬ್ಬೆರಳು ತಾನಾಗಿ ಮೇಲೆದ್ದು ಅದನ್ನು ಆನಿಸಿ ಹಿಡಿಯಿತು. ಕೈಯ ನಡುಕ ನಿಂತಿತು.

ವೀರಬಸಮ್ಮನವರು ತಮ್ಮ ಹೆಬ್ಬೆರಳನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಏನೋ ಬೆಳಗಿತು. ಆಮೇಲೆ ತುಟಿ ಸಣ್ಣಗೆ ಅಲುಗಿತು. ಅವರು ಆ ವಾಕ್ಯವನ್ನು ಹೇಳಿಕೊಳ್ಳುತ್ತಿದ್ದರು. ಹತ್ತು ಸಲ, ಎಣಿಸಿ. ಮುಗಿಸಿದ ಮೇಲೆ ಬಲಗೈಯಿಂದ ಆ ಹೆಬ್ಬೆರಳನ್ನು ಹಿಡಿದು ಕೆಳಗೆ ಮಡಚಿದರು.

"ಇದಲ್ಲ ಸಾರ್," ಎಂದರು.

"ಅಮ್ಮ, ಇದೇ. ನಾನು ಆವತ್ತು ಹೇಳಿದ್ದು ಸುಳ್ಳು."

"ಕೈ ಇದೇ ಅಂತ ಹೇಳ್ತದೆ. ಭಾರ ಇದೆ, ವಾಲ್ತದೆ, ನೋಡ್ತದೆ ಕೂಡ. ಆದ್ರೆ ಕೈ ಹೇಳೋದೆಲ್ಲ ನಿಜ ಅಲ್ವಲ್ಲ." ಅವರು ಲಿಂಗವನ್ನು ಕರಡಿಗೆಗೆ ಇಳಿಸಿ, ಮುಚ್ಚಳ ಹಾಕಿ, ಬಟ್ಟೆಯನ್ನು ಅಚ್ಚುಕಟ್ಟಾಗಿ ಸುತ್ತಿ ಅವನ ತೊಡೆಯ ಮೇಲಿಟ್ಟರು. ಪರೀಕ್ಷೆ ಬರೆದು ಮುಗಿಸಿದ ಮಗುವಿನಂತೆ ಅವನ ಮುಖ ನೋಡಿದರು. "ನನ್ನ ಪರೀಕ್ಷೆ ಮಾಡೋಕೆ ಬಂದ್ರಿ ಅಲ್ವಾ? ಪಾಸಾ ಸಾರ್?"

ಯಜ್ಞೇಶ ಬಾಯಿ ತೆರೆದ. ಕಲ್ಲೇಶ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಇನ್ನೊಮ್ಮೆ ನಿಜ ಹೇಳಿದರೆ ಈಕೆ ಇನ್ನೂ ಹತ್ತು ಸಲ ಆ ವಾಕ್ಯ ಹೇಳಿಕೊಳ್ಳುತ್ತಾರೆ. ಹೇಗಾದರೂ ನಂಬಿಸಿದರೆ, ನೂರ ತೊಂಬತ್ತೈದು ದಿನ ಸಂಸ್ಕಾರವಿಲ್ಲದ ಕಲ್ಲನ್ನು ಪೂಜಿಸಿದೆನೆಂದೂ, ಸರಿಯಾಗಿ ಹೇಳಿದ್ದಕ್ಕೆ ಮಾತ್ರೆ ನುಂಗಿದೆನೆಂದೂ ಅವರಿಗೆ ತಿಳಿಯುತ್ತದೆ.

"ಪಾಸು ಅಮ್ಮ," ಎಂದ.

"ಹಾಗಾದ್ರೆ ಇನ್ನು ಕಾಪಿ ಬರೀಬೇಕಾಗಿಲ್ವಾ?"

"ಬೇಕಾಗಿಲ್ಲ."

ಅವರು ಸಂತೋಷದಿಂದ ತಲೆಯಾಡಿಸಿ, ಮಧ್ಯಾಹ್ನದ ಮಾತ್ರೆಗೆ ಹೊತ್ತಾಯಿತೇ ಎಂದು ಮಗನನ್ನು ಕೇಳಿದರು.

ಹನ್ನೆರಡೂ ನಲವತ್ತರ ಬಸ್ಸಿನಲ್ಲಿ ಯಜ್ಞೇಶ ಕೊಪ್ಪಕ್ಕೆ ಮರಳಿದ. ಸೀಟು ಸಿಗಲಿಲ್ಲ. ಬಟ್ಟೆಯ ಗಂಟನ್ನು ಚೀಲದಲ್ಲಿಡಲು, ಚೀಲವನ್ನು ಕಾಲ ಬುಡದಲ್ಲಿಡಲು ಅವನಿಗೆ ಮನಸ್ಸಾಗಲಿಲ್ಲ. ಒಂದು ಕೈಯಲ್ಲಿ ಮೇಲಿನ ಸರಳನ್ನೂ ಇನ್ನೊಂದರಲ್ಲಿ ಗಂಟನ್ನೂ ಎದೆಯ ಎತ್ತರಕ್ಕೆ ಹಿಡಿದು ದಾರಿಯುದ್ದಕ್ಕೂ ನಿಂತೇ ಬಂದ. ಮರುದಿನ ಬೆಳಿಗ್ಗೆ ಮೇಲಿನ ಖಾನೆಗೆ ಒಗೆದ ಕರವಸ್ತ್ರ ಹಾಸಿದ. ವೀರಬಸಮ್ಮನವರ ಫೈಲಿನಲ್ಲಿ ೨೭-೨-೨೦೨೫ ಎಂದು ತಾರೀಖು ಬರೆದ. ಅದರ ಮುಂದಿನ ಸಾಲು ಇಂದಿಗೂ ಖಾಲಿಯಿದೆ.